ಇಲ್ಲದ ಸಾವಿನ ಸುದ್ದಿ

ನನಗೆ ಇಂಗ್ಲಿಷ್ ಬೇಕಾಗಿ ಬಂದದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ದೊಡ್ಡಬಳ್ಳಾಪುರದ ಬಳಿ, ರಾಜಘಟ್ಟದ ಆಚೆಗಿನ ಒಂದು ಸರ್ಕಾರಿ ಶಾಲೆಯಲ್ಲಿ ಗಣಿತ, ಪರಿಸರ, ಕನ್ನಡ ಎಲ್ಲವನ್ನೂ ಕನ್ನಡದಲ್ಲೇ ಹೇಳಿಕೊಟ್ಟು ನೆಮ್ಮದಿಯಾಗಿದ್ದೆ. ವರ್ಷದಿಂದ ವರ್ಷಕ್ಕೆ ಮಕ್ಕಳು ಕಡಿಮೆಯಾಗುತ್ತಾ ಬಂದರು. ಖಾಸಗಿ ಇಂಗ್ಲಿಷ್ ಶಾಲೆಗಳ ಹಳದಿ ವ್ಯಾನುಗಳು ಊರೊಳಕ್ಕೇ ನುಗ್ಗಿ, ನಮ್ಮ ಶಾಲೆಯ ಗೇಟಿನ ಮುಂದೆಯೇ ತಿರುಗಿಸಿಕೊಂಡು, ಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದವು. ಕೊನೆಗೆ ನಮಗೂ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗ ಬಂತು. ಹೆಡ್ ಮಾಸ್ಟರು ನನ್ನನ್ನು ಕರೆದು, "ಮೇಡಮ್, ನೀವೇ ತಗೊಂಡ್ಬಿಡಿ. ಚಿಕ್ ಮಕ್ಳು ನಿಮಗೆ ಒಗ್ತಾರೆ" ಅಂದರು.

ಮಕ್ಕಳೇನೋ ಒಗ್ಗುತ್ತಿದ್ದರು, ಭಾಷೆ ಒಗ್ಗುತ್ತಿರಲಿಲ್ಲ. ಓದಿದರೆ ಅರ್ಥವಾಗುತ್ತಿತ್ತು, ಕೂತು ಬರೆದರೆ ಬರೆಯಬಲ್ಲೆ, ಬಾಯಿ ತೆರೆದರೆ ಮಾತ್ರ ನಾಲಿಗೆ ಮರದ ತುಂಡಾಗುತ್ತಿತ್ತು. ಪಿಯುಸಿ ಓದುತ್ತಿದ್ದ ಮಗಳು ನನ್ನ ಒದ್ದಾಟ ನೋಡಲಾರದೆ ಫೋನಿಗೆ ಏನನ್ನೋ ಹಾಕಿಕೊಟ್ಟು, "ಅಮ್ಮ, ಇದ್ರಲ್ಲಿ ದಿನಾ ಅರ್ಧ ಗಂಟೆ ಮಾತಾಡು. ತಪ್ಪು ಮಾತಾಡಿದ್ರೆ ಯಾರೂ ನಗಲ್ಲ. ಎಲ್ರೂ ನಿನ್ ಥರಾನೇ ಇರೋರು" ಎಂದಳು.

ಹಾಗೆ ನಾನೊಂದು ಗುಂಪಿಗೆ ಸೇರಿದೆ. ಅದನ್ನು ನಡೆಸುತ್ತಿದ್ದವರು ಬ್ರೆಜಿಲ್ ದೇಶದ ಒಬ್ಬ ನಿವೃತ್ತ ಹೆಂಗಸು. ನಮ್ಮಲ್ಲಿ ಸಂಜೆ ಐದೂವರೆಯಾದಾಗ ಅವರು ಬೆಳಗಿನ ಕಾಫಿ ಕುಡಿಯುತ್ತಾ ಒಂದು ವಿಷಯ ಕೊಡುತ್ತಿದ್ದರು. ನನ್ನ ಅಡುಗೆಮನೆ, ನಾನು ನೋಡಿದ ಮದುವೆ, ನಮ್ಮೂರಿನ ಹವೆ. ಒಬ್ಬೊಬ್ಬರೂ ಐದೈದು ನಿಮಿಷ ಮಾತಾಡಬೇಕು. ಬರುವವರು, ಬಿಡುವವರು ಇದ್ದೇ ಇದ್ದರು. ಬಿಡದೆ ಬರುತ್ತಿದ್ದವರು ನಾನು, ಬ್ರೆಜಿಲಿನ ಆ ಅಮ್ಮ, ಸುಡಾನ್ ದೇಶದ ಇಬ್ಬರು. ಆ ಇಬ್ಬರಲ್ಲಿ ಒಬ್ಬ ಯುರೋಪಿನ ಯಾವುದೋ ಚಳಿಯ ಊರಲ್ಲಿ ಗೋದಾಮಿನ ಕೆಲಸಕ್ಕಿದ್ದ ಗಂಡಸು. ಊರು ಬಿಟ್ಟು ಹತ್ತು ವರ್ಷದ ಮೇಲಾಗಿತ್ತಂತೆ. ಇನ್ನೊಬ್ಬಳು ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವಳು, ಓಮ್‌ಡುರ್ಮಾನ್ ನಗರದಲ್ಲಿ ತಾಯಿ ಮತ್ತು ಅಣ್ಣನ ಜೊತೆ ಇದ್ದವಳು. ಅವಳೂ ನನ್ನ ಹಾಗೆ ಚಿಕ್ಕ ಮಕ್ಕಳ ಟೀಚರು.

ಇಡೀ ಗುಂಪಿನಲ್ಲಿ ಅತಿ ಕೆಟ್ಟ ಇಂಗ್ಲಿಷ್ ನಮ್ಮಿಬ್ಬರದು. ಅದರಿಂದಲೇ ನಾವು ಹತ್ತಿರವಾದೆವು. ಅವಳು ನನ್ನನ್ನು ಸಿಸ್ಟರ್ ಎನ್ನುತ್ತಿದ್ದಳು. ಗುಂಪಿನ ಮಾತು ಮುಗಿದ ಮೇಲೆ ಬೇರೆಯಾಗಿ ಹತ್ತು ನಿಮಿಷ ಮಾತಾಡುವುದು ರೂಢಿಯಾಯಿತು. ನಮಗಿಬ್ಬರಿಗೂ ಗೊತ್ತಿದ್ದ ಪದಗಳು ಇನ್ನೂರೋ ಮುನ್ನೂರೋ ಇದ್ದಿರಬೇಕು. ಅಷ್ಟರಲ್ಲೇ ಮಕ್ಕಳ ತುಂಟತನ, ಹೆಡ್ ಮಾಸ್ಟರ ಪಿರಿಪಿರಿ, ಕಾಲುನೋವು ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದೆವು.

ಒಂದು ದಿನ ಅಡುಗೆಮನೆಯ ವಿಷಯ ಬಂದಾಗ ನಾನು ರಾಗಿಮುದ್ದೆಯ ಬಗ್ಗೆ ಹೇಳಿದೆ. ಅವಳು ತಕ್ಷಣ ತನ್ನ ಮನೆಯ ಒಂದು ತಟ್ಟೆಯ ಫೋಟೋ ಕಳಿಸಿದಳು. ಥೇಟು ಮುದ್ದೆ. ಜೋಳದ ಹಿಟ್ಟಿನದು, ಸುತ್ತ ಒಣ ಬೆಂಡೆಕಾಯಿ ಪುಡಿ ಹಾಕಿ ಮಾಡಿದ ಲೋಳೆಲೋಳೆ ಸಾರು. ಅದಕ್ಕೆ ಅಸೀದಾ ಅಂತಾರೆ ಅಂದಳು. ನಾನು ಅತ್ತೆಗೆ ತೋರಿಸಿದೆ. ಅತ್ತೆ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಗಂಟು ಬಿಟ್ಟೈತಲ್ಲಮ್ಮ. ಹಿಟ್ಟು ಬೇಯೋಕ್ ಬಿಡ್ದೆ ತಿರುವ್ಬಿಟ್ಟವಳೆ. ಹೇಳವಳಿಗೆ."

ನಾನು ಹೇಳಿದೆ. ಅವಳು ನಕ್ಕು, ನನ್ನ ಅಮ್ಮನೂ ಇದನ್ನೇ ಹೇಳುತ್ತಾಳೆ ಎಂದಳು. ಅಂದಿನಿಂದ ಅತ್ತೆಗೆ ಅವಳು ಮುದ್ದೆ ಹುಡುಗಿ.

ಯುದ್ಧ ಶುರುವಾದದ್ದು ನಮ್ಮ ಬೇಸಿಗೆ ರಜೆಯ ಮೊದಲ ವಾರದಲ್ಲಿ. ಅವಳಿಗೆ ಉಪವಾಸದ ತಿಂಗಳು ಮುಗಿಯುತ್ತಾ ಬಂದಿತ್ತು. ಹಬ್ಬಕ್ಕೆ ಮಕ್ಕಳಿಗೆ ಬಿಸ್ಕತ್ತು ಮಾಡುವುದು ಹೇಗೆ ಅಂತ ಹಿಂದಿನ ದಿನ ತಾನೇ ಹೇಳಿದ್ದಳು. ಮಾರನೆಯ ದಿನ ಅವಳು ಗುಂಪಿಗೆ ಬರಲಿಲ್ಲ. ಅದರ ಮಾರನೆಯ ದಿನ ಒಂದು ಸಂದೇಶ ಬಂತು: ಮನೆ ಮೇಲೆ ವಿಮಾನ ಹಾರುತ್ತಿದೆ, ಕಿಟಕಿಯಿಂದ ದೂರ ಮಲಗಿದ್ದೇವೆ.

ದೇಶದ ಸೈನ್ಯಕ್ಕೂ ಅದರ ಪಕ್ಕದಲ್ಲೇ ಬೆಳೆದು ದೊಡ್ಡದಾಗಿದ್ದ ಇನ್ನೊಂದು ಪಡೆಗೂ ಜಗಳ ಹತ್ತಿಕೊಂಡಿತ್ತು. ಇದು ನನಗೆ ಗೊತ್ತಾದದ್ದು ಆ ಗೋದಾಮಿನ ಗಂಡಸಿನಿಂದ. ಅವನು ಅವಳೂರಿನ ಎದುರಿಗೆ, ನದಿಯ ಆಚೆ ದಡದ ಖಾರ್ಟೂಮಿನವನು. ಅದುವರೆಗೆ ಹೆಚ್ಚು ಮಾತಾಡದೆ ಇದ್ದವನು ದಿನಕ್ಕೆ ಇಪ್ಪತ್ತು ಸಂದೇಶ ಹಾಕತೊಡಗಿದ. ನಕಾಶೆಗಳು, ಬಣ್ಣ ಬಳಿದ ಬಡಾವಣೆಗಳು, ಹೊಗೆಯ ವಿಡಿಯೋಗಳು. ಐದೂವರೆಯ ಮಾತು ತಾನಾಗಿ ಯುದ್ಧದ ಕಡೆ ತಿರುಗಿತು. ಬ್ರೆಜಿಲಿನ ಅಮ್ಮ, "ನಮ್ಮ ಗೆಳತಿ ಕಷ್ಟದಲ್ಲಿರುವಾಗ ನಾವು ಹವೆಯ ಬಗ್ಗೆ ಮಾತಾಡುವುದು ಚೆನ್ನಾಗಿರುವುದಿಲ್ಲ" ಎಂದರು. ಎಲ್ಲರೂ ಒಪ್ಪಿದೆವು. ಅದು ಒಳ್ಳೆಯ ಮನಸ್ಸಿನಿಂದಲೇ ಆದದ್ದು, ಈಗಲೂ ಹಾಗೇ ಅಂದುಕೊಂಡಿದ್ದೇನೆ.

ಅವಳು ಎರಡು ದಿನಕ್ಕೋ ಮೂರು ದಿನಕ್ಕೋ ಒಮ್ಮೆ ಬರುತ್ತಿದ್ದಳು. ಬಂದ ಕೂಡಲೇ ನಾವು ಮುತ್ತಿಕೊಳ್ಳುತ್ತಿದ್ದೆವು. ನೀರು ಬರುತ್ತಿದೆಯಾ, ಕರೆಂಟ್ ಇದೆಯಾ, ಯಾರು ಗೆಲ್ಲುತ್ತಾರೆ, ನಿನಗೆ ಯಾರ ಮೇಲೆ ಕೋಪ. ಅವಳು ಉತ್ತರ ಹೇಳುವುದರೊಳಗೆ ಅವನು ಬಾಯಿ ಹಾಕುತ್ತಿದ್ದ. ಈ ಕಡೆಯವರು ಮಾಡಿದ್ದು ಹೀಗೆ, ಆ ಕಡೆಯವರು ಮೂವತ್ತು ವರ್ಷದ ಹಿಂದೆ ಮಾಡಿದ್ದು ಹಾಗೆ. ಒಂದು ಸಂಜೆ ಅವನು ಹೇಳುತ್ತಲೇ ಇದ್ದ. ಅವಳು ನಡುವೆ, "ನಮ್ಮ ಬೀದಿಯ ಬ್ರೆಡ್ ಅಂಗಡಿಯವನು ಓಡಿಹೋಗಿದ್ದಾನೆ" ಎಂದಳು. ಅವನು, "ಅದೇ, ಅದಕ್ಕೆ ಕಾರಣ ಯಾರು ಅಂತ ನಾನು ಹೇಳುತ್ತಿರುವುದು" ಎಂದ.

"ನನಗೆ ಕಾರಣ ಬೇಡ," ಎಂದಳು ಅವಳು. "ಬ್ರೆಡ್ ಎಲ್ಲಿ ಸಿಗುತ್ತೆ ಹೇಳು."

ಮರುದಿನ ಮತ್ತೆ ನಕಾಶೆ ಬಂತು.

ನಮ್ಮ ಮನೆ ದೊಡ್ಡಬಳ್ಳಾಪುರದಲ್ಲಿ, ಎರಡೂ ಪಕ್ಕದಲ್ಲಿ ಪವರ್‌ಲೂಮ್ ಮಗ್ಗದ ಮನೆಗಳು. ಹುಟ್ಟಿದಾಗಿನಿಂದ ಕೇಳಿದ ಸದ್ದಾದ್ದರಿಂದ ನಮಗೆ ಅದು ಕಿವಿಗೆ ಬೀಳುವುದೇ ಇಲ್ಲ, ಕರೆಂಟ್ ಹೋಗಿ ನಿಂತಾಗಲೇ ಗೊತ್ತಾಗುವುದು. ಒಂದು ದಿನ ನಾವಿಬ್ಬರೇ ಮಾತಾಡುತ್ತಿದ್ದಾಗ ಪಕ್ಕದ ಮನೆಯಲ್ಲಿ ಸಂಜೆಯ ಕಾಫಿಗೆ ನಿಲ್ಲಿಸಿದ್ದ ಮಗ್ಗಗಳು ಒಮ್ಮೆಲೇ ಶುರುವಾದವು. ಅವಳು ಮಾತು ನಿಲ್ಲಿಸಿಬಿಟ್ಟಳು.

"ಸಿಸ್ಟರ್, ಅದೇನು?"

"ಸೀರೆ," ಎಂದೆ. "ಸೀರೆ ನೇಯುವ ಮೆಷೀನು. ನೀನು ಮೊದಲೂ ಕೇಳಿದ್ದೀಯ."

"ಗೊತ್ತು. ಆದರೂ ಬೇರೆ ಕಡೆ ಹೋಗು."

ಅಂದಿನಿಂದ ನಾನು ಹಿಂದಿನ ಉಗ್ರಾಣದ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ರಾಗಿ ಮೂಟೆಯ ಮೇಲೆ ಕೂತು ಮಾತಾಡತೊಡಗಿದೆ. ಸೆಕೆಗೆ ರವಿಕೆ ಒದ್ದೆಯಾಗುತ್ತಿತ್ತು.

ಇಷ್ಟರಲ್ಲಿ ನನ್ನ ಇಂಗ್ಲಿಷ್ ಸುಧಾರಿಸುತ್ತಿತ್ತು. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆ, ಆದರೂ ಆದದ್ದು ಹಾಗೆ. ಗುಂಪಿನಲ್ಲಿ ಕೇಳಿದ ಹೊಸ ಪದವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಎದುರಿಗೆ ಕನ್ನಡದ ಅರ್ಥ ಬರೆದುಕೊಳ್ಳುತ್ತಿದ್ದೆ. ಮೊದಲ ಹಾಳೆಗಳಲ್ಲಿ ಸೌಟು, ಜರಡಿ, ಸೋದರಮಾವ. ಆಮೇಲಿನ ಹಾಳೆಗಳಲ್ಲಿ ಕದನವಿರಾಮ, ಫಿರಂಗಿ ದಾಳಿ, ತಪಾಸಣೆಯ ಠಾಣೆ, ನೆಲೆ ತಪ್ಪಿದವರು. ಇವನ್ನೆಲ್ಲ ನಾನು ಒಂದನೇ ತರಗತಿಯ ಮಕ್ಕಳಿಗೆ ಹೇಳಿಕೊಡುವುದಿರಲಿಲ್ಲ. ಆದರೆ ಗಂಭೀರವಾದ ಮಾತಿಗೆ ಗಂಭೀರವಾದ ಪದ ಬೇಕಾಗುತ್ತದಲ್ಲ, ನಾಲಿಗೆ ಅದರಿಂದಲೇ ಸಡಿಲವಾಯಿತು.

ಶಾಲೆ ಶುರುವಾದ ಮೇಲೆ ತಾಲ್ಲೂಕು ಮಟ್ಟದ ತರಬೇತಿಗೆ ಹೋದೆ. ಪ್ರತಿಯೊಬ್ಬರೂ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕೆಂದರು. ನನಗಿಂತ ಮೊದಲು ಎದ್ದವರು ಸ್ವಚ್ಛತೆ, ಗಿಡ ನೆಡುವುದು ಅಂತೆಲ್ಲ ಮಾತಾಡಿದರು. ನಾನು ಎದ್ದು ನಿಂತು ನನ್ನ ಗೆಳತಿಯ ಬಗ್ಗೆ ಹೇಳಿದೆ. ಅವಳ ಶಾಲೆಯಲ್ಲಿ ಈಗ ಊರು ಬಿಟ್ಟು ಬಂದವರು ಮಲಗುತ್ತಾರೆ, ಅವರು ಮಕ್ಕಳ ಬೆಂಚುಗಳನ್ನು ಒಡೆದು ಸೌದೆ ಮಾಡಿದ್ದನ್ನು ನೋಡಿ ಅವಳು ಅತ್ತಳು, ಇಂಥವನ್ನು. ಸಭೆ ಪಿನ್ ಬಿದ್ದರೂ ಕೇಳಿಸುವ ಹಾಗಿತ್ತು. ಮುಗಿದ ಮೇಲೆ ಚಪ್ಪಾಳೆ. ಒಬ್ಬ ಮೇಡಮ್ ಬಂದು, "ಕಣ್ಣಲ್ಲಿ ನೀರ್ ಬಂತು ಕಣ್ರೀ. ಎಷ್ಟ್ ಚೆನ್ನಾಗಿ ಮಾತಾಡ್ತೀರ" ಅಂದರು. ಮಧ್ಯಾಹ್ನದ ಊಟದಲ್ಲಿ ನನಗೆ ಹಿಡಿಸಲಾರದಷ್ಟು ಹಿಗ್ಗು. ಅವಳಿಗೆ ಮಾತ್ರ ಈ ಭಾಷಣದ ವಿಷಯ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಆಗ ಯೋಚಿಸಲೂ ಇಲ್ಲ.

ಇದಾದ ಮೂರು ವಾರಕ್ಕೆ ಆ ಸಂದೇಶ ಬಂತು. ನಾನು ಶಾಲೆ ಬಿಟ್ಟು ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಗುಂಪಿನಲ್ಲಿ ಅವಳದೊಂದು ಸಾಲು ಕಂಡಿತು: ವಿ ಲಾಸ್ಟ್ ಮೈ ಬ್ರದರ್. ಮೂರು ದಿನ. ದಯವಿಟ್ಟು ಪ್ರಾರ್ಥಿಸಿ.

ಅಷ್ಟೇ. ಆಮೇಲೆ ಅವಳ ಫೋನು ಸತ್ತುಹೋಯಿತು.

ಬ್ರೆಜಿಲಿನ ಅಮ್ಮ ಕೂಡಲೇ ಗುಂಪಿನಲ್ಲಿ ಕೇಳಿದರು, ಇದರ ಅರ್ಥವೇನು, ಏನಾಗಿದೆ? ಗುಂಪಿಗೆಲ್ಲ ನಾನೇ ಅವಳಿಗೆ ಹತ್ತಿರದವಳು. ಉತ್ತರ ಕೊಡುವ ಹಕ್ಕು ನನ್ನದು ಎಂದು ಎಲ್ಲರೂ ತಿಳಿದಿದ್ದರು, ಎಲ್ಲರಿಗಿಂತ ಹೆಚ್ಚಾಗಿ ನಾನು ತಿಳಿದಿದ್ದೆ. ಲಾಸ್ಟ್ ಅಂದರೆ ಕಳೆದುಕೊಂಡೆವು. ನಮ್ಮ ಕನ್ನಡದಲ್ಲೂ ತಂದೆಯನ್ನು ಕಳೆದುಕೊಂಡ ಮಗು ಅಂತೀವಿ. ಅನುಮಾನಪಡುವುದಕ್ಕೆ ಏನಿದೆ ಅನ್ನಿಸಿತು. ಬಸ್ಸು ಬರುತ್ತಿತ್ತು. ಒಂದು ಕೈಯಲ್ಲಿ ಚೀಲ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಬರೆದೆ: ಅವಳ ಅಣ್ಣ ತೀರಿಕೊಂಡಿದ್ದಾನೆ, ಮೂರು ದಿನವಾಯಿತು.

ಬಸ್ಸು ಊರು ಸೇರುವುದರೊಳಗೆ ಗುಂಪಿನ ತುಂಬ ಕೈಮುಗಿದ ಚಿತ್ರಗಳು, ಮೇಣದ ಬತ್ತಿಗಳು. ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು, "ಅಯ್ಯೋ ಪಾಪ, ಆ ತಾಯಿ ಹೊಟ್ಟೆ ಏನಾಗಿರ್ಬೇಕು" ಎಂದರು.

ಐದು ದಿನ ಅವಳಿಂದ ಏನೂ ಇಲ್ಲ. ಆರನೆಯ ದಿನ, ನಾನು ತರಗತಿಯಲ್ಲಿ ಹಾಜರಿ ತೆಗೆದುಕೊಳ್ಳುತ್ತಿದ್ದಾಗ, ನನಗೊಬ್ಬಳಿಗೇ ಒಂದು ಸಂದೇಶ ಬಂತು. ಅವಳು ಅದುವರೆಗೆ ಬರೆದದ್ದರಲ್ಲೆಲ್ಲ ಉದ್ದನೆಯದು. ವ್ಯಾಕರಣ ಇರಲಿಲ್ಲ, ಆದರೆ ಒಂದು ಪದವೂ ಅರ್ಥವಾಗದೆ ಉಳಿಯಲಿಲ್ಲ.

ನನ್ನ ಅಣ್ಣ ಸತ್ತಿಲ್ಲ, ಎಂದು ಬರೆದಿದ್ದಳು. ಹಿಟ್ಟು ತರುತ್ತೇನೆಂದು ಸೇತುವೆ ಕಡೆ ಹೋದವನು ಬರಲಿಲ್ಲ. ಕಳೆದುಹೋಗಿದ್ದಾನೆ. ಬೀಗದ ಕೈ ಕಳೆಯುತ್ತದಲ್ಲ, ಹಾಗೆ. ನಾನು ಆಸ್ಪತ್ರೆ ಆಸ್ಪತ್ರೆ ಸುತ್ತುತ್ತಿದ್ದೆ. ಮನೆಗೆ ಬಂದರೆ ಬೀದಿಯ ಹೆಂಗಸರೆಲ್ಲ ಸೇರಿ ಅಳುತ್ತಿದ್ದಾರೆ. ಅಮ್ಮ ನೆಲದ ಮೇಲೆ ಬಿದ್ದಿದ್ದಾಳೆ. ಕೈರೋದಿಂದ ಚಿಕ್ಕಮ್ಮ ಫೋನ್ ಮಾಡಿ ಮಗ ಹೋದನಂತೆ ಎಂದು ಅತ್ತಳಂತೆ. ಹೊರದೇಶದವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ ಎಂದು ನಾನೂ ನಂಬಿದೆ. ಒಂದು ದಿನ ಪೂರ್ತಿ ನಂಬಿದೆ. ಆಮೇಲೆ ಚಿಕ್ಕಮ್ಮನನ್ನು ಕೇಳಿದೆ, ನಿನಗೆ ಯಾರು ಹೇಳಿದರು. ಅವಳಿಗೆ ಹೇಳಿದವರನ್ನು ಕೇಳಿಸಿದೆ. ಹಾಗೇ ಹಿಂದೆ ಹಿಂದೆ ಹೋದರೆ ನಮ್ಮ ಗುಂಪು. ಗುಂಪಿನಲ್ಲಿ ನೀನು. ನನ್ನ ಮಾತೇ ಊರೆಲ್ಲ ಸುತ್ತಿ ಸಾವಾಗಿ ನನ್ನ ಮನೆಗೆ ಬಂತು, ಸಿಸ್ಟರ್.

ಹಾಜರಿ ಪುಸ್ತಕದಲ್ಲಿ ಯಾವ ಸಾಲಿನವರೆಗೆ ಬಂದಿದ್ದೆನೆಂದು ಮರೆತುಹೋಯಿತು. ಮಕ್ಕಳು "ಪ್ರೆಸೆಂಟ್ ಮಿಸ್, ಪ್ರೆಸೆಂಟ್ ಮಿಸ್" ಅನ್ನುತ್ತಲೇ ಇದ್ದರು, ನಾನು ಕರೆಯದಿದ್ದರೂ.

ನಾನು ಬರೆದ ಒಂದು ಸಾಲು ಏನೇನು ಮಾಡಿತ್ತೆಂದು ಆಮೇಲೆ ಒಂದೊಂದಾಗಿ ತಿಳಿಯಿತು. ಗೋದಾಮಿನವನು ಅದನ್ನು ತನ್ನ ದೇಶದವರ ಬೇರೆ ಗುಂಪಿಗೆ ಹಾಕಿದ್ದ. ಜೊತೆಗೆ, ಕೊಂದವರು ಇಂಥ ಕಡೆಯವರು ಎಂದೂ ಸೇರಿಸಿದ್ದ. ಇನ್ನೊಬ್ಬ, ಅಲ್ಲ, ಅವರು ಎಂದಿದ್ದ. ಇಲ್ಲದ ಸಾವಿಗೆ ಕೊಲೆಗಾರರು ಯಾರೆಂದು ಮೂರು ದೇಶಗಳಲ್ಲಿ ಕೂತವರು ಎರಡು ದಿನ ಜಗಳವಾಡಿದ್ದರು. ಗೋದಾಮಿನವನಿದ್ದ ಊರಿನಲ್ಲಿ ಸತ್ತವನಿಗೆ ಮಾಡುವ ಪ್ರಾರ್ಥನೆಯನ್ನೂ ಮಾಡಿಬಿಟ್ಟಿದ್ದರು.

ಆ ಶನಿವಾರ ಅವನು ನನಗೆ ಫೋನ್ ಮಾಡಿದ. ಬೈಯುತ್ತಾನೆಂದು ಸಿದ್ಧಳಾಗಿಯೇ ಎತ್ತಿಕೊಂಡೆ.

"ತಪ್ಪು ನನ್ನದು," ಎಂದೆ.

"ನನ್ನದೂ ಇದೆ," ಎಂದ. "ನೀನು ಸತ್ತ ಅಂತ ಮಾತ್ರ ಅಂದೆ. ನಾನು ಕೊಂದವರನ್ನೂ ಹುಡುಕಿಕೊಟ್ಟೆ."

ಆಮೇಲೆ ಅವನು ತನ್ನಷ್ಟಕ್ಕೆ ಹೇಳಿಕೊಳ್ಳುವವನ ಹಾಗೆ ಹೇಳಿದ: ನನ್ನ ಅಪ್ಪ ಅಮ್ಮನ ಮನೆಗೆ ಈಗ ಯಾರು ನುಗ್ಗಿದ್ದಾರೋ ಗೊತ್ತಿಲ್ಲ. ಇಲ್ಲಿ ಇಡೀ ದಿನ ಪೆಟ್ಟಿಗೆ ಎತ್ತಿಡುತ್ತೇನೆ. ಜೊತೆಯವರಿಗೆ ಸುಡಾನ್ ಎಲ್ಲಿದೆ ಅಂತಲೂ ಗೊತ್ತಿಲ್ಲ. ನಮ್ಮ ಗುಂಪಿನಲ್ಲಿ ಮಾತಾಡದಿದ್ದರೆ ನಾನು ಇಲ್ಲಿ ಇರಲಾರೆ. ಮಾತಾಡಿದರೆ ಅವಳು ಇರಲಾರಳು. ಏನು ಮಾಡಲಿ, ಹೇಳು.

ಆ ಕ್ಷಣದವರೆಗೂ ನಾನು ಅವನನ್ನು ಬರೀ ಬಾಯಿಬಡುಕ ಎಂದುಕೊಂಡಿದ್ದೆ.

ಅತ್ತೆಗೆ ನಿಜ ಹೇಳಲು ಎರಡು ದಿನ ಬೇಕಾಯಿತು. ಅವರು ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಅವ್ನು ಬದುಕವ್ನೋ ಇಲ್ವೋ ಗೊತ್ತಿಲ್ಲ."

"ಗೊತ್ತಿಲ್ಲ ಅತ್ತೆ. ಹುಡುಕ್ತಾ ಇದಾರೆ."

"ನೀನ್ ಒಂದ್ ಮಾತ್ ಕೇಳ್ಬೋದಿತ್ತು."

"ಫೋನ್ ಸಿಗ್ತಿರ್ಲಿಲ್ಲ."

"ಸಿಗೋಗಂಟ ಸುಮ್ಕಿರ್ಬೋದಿತ್ತು," ಎಂದರು ಅತ್ತೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ನಾನು ಕ್ಷಮೆ ಕೇಳಿ ಬರೆಯಲು ನಾಲ್ಕು ಸಲ ಕೂತೆ. ತರಬೇತಿಯಲ್ಲಿ ಕಲಿತದ್ದೆಲ್ಲ ಕೈಗೆ ಬಂತು. ವಾಕ್ಯಗಳು ಸರಿಯಾಗಿ, ಚೆಂದವಾಗಿ ಬಂದವು. ಓದಿಕೊಂಡರೆ ಇನ್ನೊಂದು ಭಾಷಣದ ಹಾಗೆ ಕಂಡಿತು. ಅಳಿಸಿದೆ. ಕೊನೆಗೆ, ನನ್ನ ತಪ್ಪು, ನಿನ್ನ ಅಮ್ಮ ಹೇಗಿದ್ದಾರೆ, ಎಂದಷ್ಟೇ ಬರೆದೆ. ಅದನ್ನು ಅವಳು ನೋಡಿದಳೆಂದು ಫೋನು ತೋರಿಸಿತು. ಉತ್ತರ ಬರಲಿಲ್ಲ.

ಒಂದು ವಾರ ಕಳೆಯಿತು. ನಾನು ಊಟ ಬಿಟ್ಟು ಫೋನ್ ನೋಡುವುದನ್ನು ಅತ್ತೆ ಗಮನಿಸುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ಎದುರಿಗೆ ಬಂದು ಕೂತು, "ಮಾತ್ ಕಳ್ಸೋದು ಅಂತೀಯಲ್ಲ, ಅದುನ್ನ ಒತ್ತು. ನಾನ್ ಮಾತಾಡ್ತೀನಿ" ಅಂದರು.

"ಅವರಿಗೆ ಕನ್ನಡ ಬರಲ್ಲ ಅತ್ತೆ."

"ನಿನ್ ಇಂಗ್ಲಿಷ್ ಬಂದು ಆಗಿದ್ದು ನೋಡಿದ್ನಲ್ಲ. ಒತ್ತು."

ನಾನು ಒತ್ತಿ ಹಿಡಿದೆ. ಅತ್ತೆ ಸೆರಗು ಸರಿಮಾಡಿಕೊಂಡು, ಎದುರಿಗೆ ಯಾರೋ ಕೂತಿದ್ದಾರೆ ಎಂಬಂತೆ ಮಾತಾಡಿದರು.

"ತಾಯಿ, ನಾನು ಈ ಟೀಚರಮ್ಮನ ಅತ್ತೆ. ನನ್ ಸೊಸೆ ತಿಳೀದೆ ನಿಮ್ ಮಗನ್ ಬಗ್ಗೆ ಕೆಟ್ ಮಾತ್ ಆಡ್ಬಿಟ್ಲು. ಮನ್ಸಲ್ ಕೆಟ್ಟದ್ದಿಲ್ಲ, ಅವಸ್ರ ಅಷ್ಟೇ. ಹೊಟ್ಟೆಗ್ ಹಾಕ್ಕೊಳಿ. ನಿಮ್ ಮಗ ಬತ್ತಾನೆ. ನೀವ್ ಊಟ ಬಿಡ್ಬೇಡಿ. ಗಂಡ್ ಮಕ್ಳು ಬಂದಾಗ ತಾಯಿ ನಿಂತಿರ್ಬೇಕು."

ಅದನ್ನು ಹಾಗೇ ಕಳಿಸಿದೆ. ಅನುವಾದ ಕಳಿಸಲಿಲ್ಲ, ಧೈರ್ಯವಿರಲಿಲ್ಲ.

ನಾಲ್ಕು ದಿನದ ಮೇಲೆ ಅವಳ ಫೋನಿನಿಂದ ಒಂದು ಧ್ವನಿ ಬಂತು. ಅವಳದಲ್ಲ, ವಯಸ್ಸಾದ ಹೆಂಗಸಿನದು. ಅರಬ್ಬಿಯಲ್ಲಿ ಎರಡು ನಿಮಿಷ. ನಡುವೆ ಎಲ್ಲೋ ಕೆಮ್ಮಿದರು, ನಡುವೆ ಒಂದು ಆಡು ಕೂಗಿತು. ಅತ್ತೆ ಅದನ್ನು ಮೂರು ಸಲ ಹಾಕಿಸಿಕೊಂಡು ಕೇಳಿ, ಒಂದೊಂದು ಕಡೆ ಹೂಂ ಅಂದರು. ಕೆಳಗೆ ಗೆಳತಿ ಒಂದು ಸಾಲು ಬರೆದಿದ್ದಳು: ನಿನ್ನ ಅತ್ತೆ ಏನು ಹೇಳಿದರೋ ಗೊತ್ತಾಗಲಿಲ್ಲವಂತೆ, ದನಿ ಮಾತ್ರ ತನ್ನ ಹಾಗೇ ಸುಸ್ತಾಗಿದೆಯಂತೆ.

ಆಮೇಲೆ ಆ ಇಬ್ಬರು ಮುದುಕಿಯರು ತಿಂಗಳುಗಟ್ಟಲೆ ಹೀಗೇ ಮಾತಾಡಿಕೊಂಡರು. ಇವರು ಕನ್ನಡ, ಅವರು ಅರಬ್ಬಿ. ಏನು ಹೇಳಿದರೆಂದು ನಾನಾಗಲಿ ಅವಳಾಗಲಿ ತಿಳಿಸಿಕೊಡಲು ಹೋಗಲಿಲ್ಲ. ನಮ್ಮ ಮನೆಯವರು ಒಮ್ಮೆ, "ಏನಮ್ಮಾ, ಅರ್ಥ ಆಗುತ್ತಾ?" ಎಂದು ತಮಾಷೆ ಮಾಡಿದರು. "ಆಗೋಷ್ಟು ಆಗ್ತದೆ" ಅಂದರು ಅತ್ತೆ.

ಗೆಳತಿ ನನ್ನೊಂದಿಗೆ ಮತ್ತೆ ಮಾತಾಡಿದ್ದು ದಸರಾ ರಜೆಯ ಹೊತ್ತಿಗೆ. ಅಷ್ಟರಲ್ಲಿ ಅವಳೂ ತಾಯಿಯೂ ಮನೆ ಬಿಟ್ಟು ದಕ್ಷಿಣದ ಒಂದು ಪಟ್ಟಣಕ್ಕೆ ಹೋಗಿದ್ದರು. ಅಣ್ಣ ಬಂದರೆ ಎಲ್ಲಿ ಹುಡುಕಬೇಕೆಂದು ಬಾಗಿಲ ಮೇಲೆ ಇದ್ದಿಲಿನಿಂದ ವಿಳಾಸ ಬರೆದು ಬಂದಿದ್ದಳಂತೆ. ಹಳೆಯ ವಿಷಯ ಅವಳು ಎತ್ತಲಿಲ್ಲ. ನಾನು ಎತ್ತಲು ಹೋದರೆ, "ಬೇಡ ಸಿಸ್ಟರ್, ಸಾಕಾಗಿದೆ" ಎಂದಳು. ಚಳಿಗಾಲದಲ್ಲಿ ಆ ಪಟ್ಟಣಕ್ಕೂ ಯುದ್ಧ ಬಂತು. ಮತ್ತೆ ಗಂಟುಮೂಟೆ ಕಟ್ಟಿ ಪೂರ್ವದ ಕಡೆ ಹೋದರು.

ಐದೂವರೆಯ ಗುಂಪು ಅಷ್ಟರಲ್ಲಿ ಸೊರಗಿತ್ತು. ಹೊಸದಾಗಿ ಬಂದವರು ನಾಲ್ಕು ದಿನ ಯುದ್ಧದ ಮಾತು ಕೇಳಿ ಬಿಟ್ಟುಹೋಗುತ್ತಿದ್ದರು. ಒಂದು ಸಂಜೆ ಬ್ರೆಜಿಲಿನ ಅಮ್ಮ ತುಂಬ ಸಂಕೋಚದಿಂದ, "ಸ್ವಲ್ಪ ದಿನ ಬೇರೆ ವಿಷಯ ಮಾತಾಡೋಣವೇ? ಪ್ರವಾಸ, ತಿಂಡಿ, ಹೀಗೆ" ಎಂದರು. ಯಾರೂ ಬೇಡವೆನ್ನಲಿಲ್ಲ. ಗೋದಾಮಿನವನು ಆಗಲಿ ಎಂದ. ಮರುದಿನದಿಂದ ಅವನು ಬರಲಿಲ್ಲ. ನಾನೂ ಒಂದು ತಿಂಗಳು ಪ್ರವಾಸ, ತಿಂಡಿ ಎಂದು ಮಾತಾಡಿ, ಆಮೇಲೆ ಗುಂಪು ಬಿಟ್ಟೆ. ಯುದ್ಧ ಮಾತ್ರ ಅಲ್ಲಿ ಬಿಡದೆ ನಡೆಯುತ್ತಿತ್ತು. ನಮ್ಮ ಪತ್ರಿಕೆಗಳಲ್ಲಿ ಅದರ ಸುದ್ದಿ ಎಂದೋ ಒಮ್ಮೆ, ಒಳಪುಟದಲ್ಲಿ, ಅಂಗೈಯಗಲ ಬರುತ್ತಿತ್ತು. ನನಗೂ ಅದನ್ನು ಹುಡುಕಿ ಓದುವ ತ್ರಾಣವಿರಲಿಲ್ಲ. ಕೇಳಿಸಿಕೊಂಡ ನನಗೇ ಇಷ್ಟು ದಣಿವಾದರೆ ಎಂದು ಒಂದೊಂದು ಸಲ ಯೋಚನೆ ಹೋಗುತ್ತಿತ್ತು, ಅಲ್ಲೇ ನಿಲ್ಲಿಸಿಬಿಡುತ್ತಿದ್ದೆ.

ಅಣ್ಣ ಸಿಕ್ಕಿದ್ದು ಏಳು ತಿಂಗಳ ಮೇಲೆ. ನಮ್ಮಲ್ಲಿ ಪರೀಕ್ಷೆಗೆ ಮುಂಚಿನ ದಿನಗಳು. ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಅವಳಿಂದ ಎರಡು ಪುಟ್ಟ ಸಾಲು ಬಂದವು: ಅಣ್ಣ ಬಂದ. ತೆಳ್ಳಗಾಗಿದ್ದಾನೆ.

ನಾನು ತಕ್ಷಣ ಏನೂ ಬರೆಯಲಿಲ್ಲ. ಒಮ್ಮೆ ಓದಿ, ಮತ್ತೊಮ್ಮೆ ಓದಿ, ಆಮೇಲೆ ಕೇಳಿದೆ, "ಅಂದರೆ ಈಗ ನಿಮ್ಮ ಜೊತೆ, ಮನೆಯಲ್ಲೇ ಇದ್ದಾನಾ? ನಿನ್ನ ಕಣ್ಣೆದುರಿಗೆ?"

"ಕಣ್ಣೆದುರಿಗೆ. ಟೀ ಕುಡಿಯುತ್ತಿದ್ದಾನೆ."

"ನನ್ನ ಅತ್ತೆಗೆ ಹೇಳಲಾ?"

"ಅವರಿಗೆ ಹೇಳು. ಬೇರೆ ಯಾರಿಗೂ ಬೇಡ."

ಬೇರೆ ಯಾರಿಗೂ ಹೇಳಲಿಲ್ಲ. ಎದುರಿಗೆ ಕೂತಿದ್ದ ಗಣಿತದ ಮೇಡಮ್, "ಏನ್ರೀ, ಕಣ್ ಒರೆಸ್ಕೊಳ್ತಾ ಇದೀರ?" ಅಂದರು. ಚಾಕ್ ಪುಡಿ ಎಂದೆ.

ಅವನನ್ನು ಒಂದು ತಪಾಸಣೆಯ ಠಾಣೆಯಲ್ಲಿ ಹಿಡಿದು ಎಲ್ಲೋ ಕೂಡಿಹಾಕಿದ್ದರಂತೆ. ಯಾವ ಕಡೆಯವರೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಒಂದು ಕಿವಿ ಕೇಳಿಸುವುದಿಲ್ಲ. ತನಗಾಗಿ ಯಾವುದೋ ದೇಶದಲ್ಲಿ ಸಾವಿನ ಪ್ರಾರ್ಥನೆಯಾಯಿತೆಂದು ತಿಳಿದು ಅವನು ನಗಲೂ ಇಲ್ಲ, ಬೈಯಲೂ ಇಲ್ಲವಂತೆ. ಎಷ್ಟು ಜನ ಬಂದಿದ್ದರು ಎಂದಷ್ಟೇ ಕೇಳಿದನಂತೆ.

ಈಗ ಆ ಮೂವರೂ ಈಜಿಪ್ಟಿನಲ್ಲಿದ್ದಾರೆ. ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಅವರ ದೇಶದವರೇ ಒಂದು ಶಾಲೆ ನಡೆಸುತ್ತಾರೆ. ಅವಳಿಗೆ ಅಲ್ಲಿ ಕೆಲಸ ಸಿಕ್ಕಿದೆ. ಒಂದು ಕೋಣೆಯಲ್ಲಿ ಎರಡು ತರಗತಿ, ಬೆಂಚಿಲ್ಲ, ಚಾಪೆ. ಕೆಲವು ಮಕ್ಕಳು ಎರಡು ವರ್ಷದಿಂದ ಪುಸ್ತಕ ಮುಟ್ಟಿಲ್ಲ. ನನ್ನ ಮಕ್ಕಳೂ ಅವಳ ಮಕ್ಕಳೂ ಬಿ ಮತ್ತು ಡಿ ಅಕ್ಷರಗಳನ್ನು ಒಂದೇ ಥರ ತಿರುಗಾಮುರುಗಾ ಬರೆಯುತ್ತಾರೆ.

ಅಲ್ಲಿ ಶುಕ್ರವಾರ ರಜೆ, ಗುರುವಾರ ಅವಳಿಗೆ ವಾರದ ಕೊನೆ, ಮಧ್ಯಾಹ್ನ ಬಿಡುವಿರುತ್ತದೆ. ನಾನು ಶಾಲೆಯಿಂದ ಬಂದು ಕೈಕಾಲು ತೊಳೆದು ಫೋನ್ ಮಾಡುತ್ತೇನೆ. ಹೋದ ಗುರುವಾರ ಅವಳಿಗೆ ತಲೆನೋವು. ಹೇಳುವಂಥದ್ದೇನೂ ಇಲ್ಲ ಸಿಸ್ಟರ್, ಎಂದಳು. ನನಗೂ ಇಲ್ಲ, ಎಂದೆ. ಆದರೂ ಇಬ್ಬರೂ ಫೋನ್ ಇಡಲಿಲ್ಲ. ನಾನು ಅದನ್ನು ಹಾಸಿಗೆಯ ಮೇಲಿಟ್ಟು ಮಕ್ಕಳ ನೋಟ್‌ಬುಕ್ ತಿದ್ದತೊಡಗಿದೆ. ಆ ಕಡೆಯಿಂದಲೂ ಹಾಳೆ ತಿರುವುವ ಸದ್ದು ಬರುತ್ತಿತ್ತು. ನಡುವೆ ಒಮ್ಮೆ ಅವಳು, "ಇನ್ನೂ ಎಷ್ಟಿವೆ?" ಎಂದಳು.

"ಹನ್ನೊಂದು," ಎಂದೆ. "ನಿನ್ನವು?"

"ನನ್ನವು ತುಂಬಾ ಇವೆ. ನಿನ್ನದು ಮುಗಿದರೆ ಇಟ್ಟುಬಿಡು."

ನನ್ನ ಹನ್ನೊಂದು ಮುಗಿದವು. ನಾನು ಫೋನ್ ಇಡದೆ, ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕೂತೆ.